ಇಂಗ್ಲೆಂಡ್ ತಂಡಕ್ಕೆ ನೆಲೆ ನಿಲ್ಲುವ ಮ್ಯಾನೇಜರ್ ಬೇಕು

2024ರ ಅಕ್ಟೋಬರ್ 16, ಬುಧವಾರ. ಇಂಗ್ಲೆಂಡ್ ಫುಟ್‌ಬಾಲ್ ತಂಡಕ್ಕೆ ಜರ್ಮನಿಯ ಥಾಮಸ್ ಟೂಕೆಲ್ ಹೊಸ ಮ್ಯಾನೇಜರ್ ಅಂತ ಇಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ ಘೋಷಿಸಿತು. ನಾನು ಪೂರ್ವ ಲಂಡನ್‌ನ ಒಂದು ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಆ ದಿನ ನಮ್ಮ ಟೀ ರೂಮಿನಲ್ಲಿ ಯಾರೂ ಬೇರೆ ಮಾತೇ ಎತ್ತಲಿಲ್ಲ. ಮರುದಿನ ಒಂದು ಪತ್ರಿಕೆ ‘ಇಂಗ್ಲೆಂಡಿಗೆ ಕರಾಳ ದಿನ’ ಅಂತ ದೊಡ್ಡಕ್ಷರದಲ್ಲಿ ಹಾಕಿತು.

ಊರಲ್ಲಿ ಕೂತು ನೋಡಿದರೆ ಇದು ಅತಿಯಾಯ್ತು ಅನ್ನಿಸಬಹುದು. ಟೂಕೆಲ್ ಏನೂ ಸಾಮಾನ್ಯದವರಲ್ಲ. 2021ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ಬಿಗೆ ಚಾಂಪಿಯನ್ಸ್ ಲೀಗ್, ಅಂದರೆ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್, ಗೆದ್ದುಕೊಟ್ಟವರು. ಅವರ ಕ್ಲಬ್ ಕೆಲಸದ ಬಗ್ಗೆ ಟೀ ರೂಮಿನಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ. ಜಗಳ ಇದ್ದದ್ದೆಲ್ಲ ಪಾಸ್‌ಪೋರ್ಟ್ ಬಗ್ಗೆ.

ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ. ಪೂರ್ವ ಲಂಡನ್ನಿನ ಬಾರ್ಕಿಂಗ್‌ನವರು, ಆ ಕಡೆಯ ಕ್ಲಬ್ ವೆಸ್ಟ್ ಹ್ಯಾಮ್ ಅಂದರೆ ಪ್ರಾಣ ಬಿಡುವವರು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ನಾಯಕನಾಗಿದ್ದ ಬಾಬಿ ಮೂರ್ ಹುಟ್ಟಿದ್ದು ಅದೇ ಬಾರ್ಕಿಂಗ್‌ನಲ್ಲಿ. ಆ ತಂಡದ ಮ್ಯಾನೇಜರ್ ಆಲ್ಫ್ ರ‍್ಯಾಮ್ಸಿ ಪಕ್ಕದ ಡ್ಯಾಗನಮ್‌ನವರು. ಆ ಗೆಲುವು ಈ ಹಿರಿಯರಿಗೆ ಬೀದಿಯ ಕಥೆ, ನಮ್ಮ ಕಡೆ ಊರಹಬ್ಬದ ಕಥೆ ಹೇಳಿದ ಹಾಗೆ ಹೇಳುತ್ತಾರೆ. ಅವರ ವಾದ ಇಷ್ಟು: ಕ್ಲಬ್ ಅಂದರೆ ದುಡ್ಡಿನ ಆಟ, ಯಾರನ್ನು ಬೇಕಾದರೂ ಕೊಂಡು ತರಬಹುದು. ದೇಶದ ತಂಡ ಹಾಗಲ್ಲ. ನಮ್ಮಲ್ಲಿ ಬೆಳೆದದ್ದನ್ನು ಹಿಡಿದುಕೊಂಡು ಆಡಬೇಕು. ಆಟಗಾರನನ್ನು ಕೊಂಡು ತರೋ ಹಾಗಿಲ್ಲ ಅಂದಮೇಲೆ ಆಟ ಹೇಳಿಕೊಡುವವನನ್ನು ಮಾತ್ರ ಯಾಕೆ ಕೊಳ್ಳಬೇಕು?

ಇದನ್ನು ಕೇಳಿ ಪರದೇಶದವರನ್ನು ಕಂಡರಾಗದ ಮಾತು ಅಂತ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ನಾನು ಈ ಲ್ಯಾಬಿಗೆ ಬಂದ ಹೊಸದರಲ್ಲಿ ಇಲ್ಲಿನ ಯಂತ್ರಗಳನ್ನು ತಾಳ್ಮೆಯಿಂದ ಕಲಿಸಿದವರು ಇವರೇ. ಜೊತೆಗೆ ಅವರ ಕೈಯಲ್ಲಿ ಒಂದು ಗಟ್ಟಿ ಲೆಕ್ಕವೂ ಇದೆ. 1930ರಿಂದ 2022ರವರೆಗೆ 22 ವಿಶ್ವಕಪ್ ನಡೆದಿವೆ. ಗೆದ್ದ ಪ್ರತಿಯೊಂದು ತಂಡದ ಕೋಚ್ ಕೂಡ ಅದೇ ದೇಶದವರು. ಒಂದೂ ಅಪವಾದ ಇಲ್ಲ. ಇಂಗ್ಲೆಂಡ್ ಈ ಮೊದಲು ಎರಡು ಸಲ ಹೊರಗಿನವರನ್ನು ತಂದಿತ್ತು. ಸ್ವೀಡನ್ನಿನ ಸ್ವೆನ್ ಎರಿಕ್ಸನ್ ಕಾಲದಲ್ಲಿ, 2002, 2004, 2006, ಮೂರೂ ಟೂರ್ನಿಗಳಲ್ಲಿ ಕ್ವಾರ್ಟರ್‌ಫೈನಲ್‌ಗೆ ನಿಂತಿತು. ಇಟಲಿಯ ಫ್ಯಾಬಿಯೊ ಕಪೆಲ್ಲೊ ಕಾಲದಲ್ಲಿ, 2010ರಲ್ಲಿ, ಜರ್ಮನಿ ಕೈಯಲ್ಲಿ 4-1 ಹೊಡೆತ ತಿಂದು ಮನೆಗೆ ಬಂತು.

ಎದುರು ಕೂತವಳು ನಮ್ಮ ಲ್ಯಾಬಿನ ಅತಿ ಚಿಕ್ಕ ವಯಸ್ಸಿನ ಹುಡುಗಿ. ಅವಳು ಒಂದೇ ಹೆಸರು ಹೇಳಿದಳು: ಸರೀನಾ ವೀಗ್‌ಮನ್. ನೆದರ್ಲೆಂಡ್ಸ್‌ನವರು, ಇಂಗ್ಲೆಂಡ್ ಮಹಿಳಾ ತಂಡದ ಮ್ಯಾನೇಜರ್. 2022ರಲ್ಲಿ ಯೂರೋ, ಅಂದರೆ ಯೂರೋಪಿನ ದೇಶಗಳ ಕಪ್, ಅದರ ಫೈನಲ್‌ನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲೇ ಜರ್ಮನಿಯನ್ನು ಸೋಲಿಸಿದರು. ಆಮೇಲೆ 2025ರಲ್ಲಿ ಸ್ಪೇನ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಮತ್ತೆ ಕಪ್ ತಂದರು. ಅವರ ಪಾಸ್‌ಪೋರ್ಟ್ ಬಗ್ಗೆ ಈ ಟೀ ರೂಮಿನಲ್ಲಿ ಯಾವತ್ತಾದರೂ ಗಲಾಟೆ ಆಗಿದೆಯಾ? ಹಿರಿಯರು ಟೀ ಕುಡಿಯುತ್ತಾ ಸುಮ್ಮನಾದರು. ನಾನು ನಮ್ಮ ಕ್ರಿಕೆಟ್ ಕಥೆ ಸೇರಿಸಿದೆ. 2000ದಲ್ಲಿ ನ್ಯೂಜಿಲೆಂಡಿನ ಜಾನ್ ರೈಟ್ ಬಂದರು, 2011ರ ವಿಶ್ವಕಪ್ ಗೆದ್ದಾಗ ಇದ್ದದ್ದು ದಕ್ಷಿಣ ಆಫ್ರಿಕಾದ ಗ್ಯಾರಿ ಕರ್ಸ್ಟನ್. ಮುಂದೆ 2024ರಲ್ಲಿ ಟಿ20 ವಿಶ್ವಕಪ್ ಗೆದ್ದಾಗ ಕೋಚ್ ನಮ್ಮ ರಾಹುಲ್ ದ್ರಾವಿಡ್. ಹೊರಗಿನವರೂ ಗೆಲ್ಲಿಸಿದ್ದಾರೆ, ಮನೆಯವರೂ ಗೆಲ್ಲಿಸಿದ್ದಾರೆ.

ಹಾಗಾದರೆ ಇಂಗ್ಲೆಂಡಿನವರೇ ಯಾರಿದ್ದಾರೆ ಅಂತ ಹುಡುಕಲು ಹೊರಟರೆ ಮಾತು ಅಲ್ಲೇ ನಿಂತುಬಿಡುತ್ತದೆ. ಇಲ್ಲಿನ ಕ್ಲಬ್‌ಗಳ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್ ಶುರುವಾದದ್ದು 1992ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಒಬ್ಬ ಇಂಗ್ಲಿಷ್ ಮ್ಯಾನೇಜರ್ ಕೂಡ ಅದನ್ನು ಗೆದ್ದಿಲ್ಲ. ಅದಕ್ಕೂ ಮೊದಲಿನ ಕೊನೆಯ ಸೀಸನ್ನಿನಲ್ಲಿ ಲೀಡ್ಸ್ ತಂಡವನ್ನು ಗೆಲ್ಲಿಸಿದ ಹೊವರ್ಡ್ ವಿಲ್ಕಿನ್ಸನ್ನೇ ಕೊನೆ. ನ್ಯೂಕ್ಯಾಸಲ್‌ನ ಎಡ್ಡಿ ಹೌ 2025ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಲೀಗ್ ಕಪ್ ಗೆದ್ದಾಗ ಇಡೀ ದೇಶ ಹುಬ್ಬೇರಿಸಿತು. ಯಾಕೆಂದರೆ ಇಂಗ್ಲಿಷ್ ಮ್ಯಾನೇಜರ್ ಒಬ್ಬರು ಇಲ್ಲಿ ದೊಡ್ಡ ಕಪ್ ಎತ್ತಿ 17 ವರ್ಷ ಆಗಿತ್ತು. ದೊಡ್ಡ ಕ್ಲಬ್‌ಗಳು ಸ್ಪೇನ್, ಪೋರ್ಚುಗಲ್, ಜರ್ಮನಿ ಕಡೆ ಕೈ ಚಾಚುತ್ತವೆ. ಇಲ್ಲಿನವರಿಗೆ ಉಳಿಯುವುದು ಕೆಳಗೆ ಜಾರುತ್ತಿರುವ ತಂಡಗಳು. ಅಲ್ಲಿ ಸೋತರೆ ‘ಇವನ ಕೈಲಾಗಲ್ಲ’ ಅನ್ನುವ ಹಣೆಪಟ್ಟಿ. ದೊಡ್ಡ ಪಂದ್ಯ ಆಡಿಸಿದ ಅನುಭವ ಬರುವುದಾದರೂ ಎಲ್ಲಿಂದ?

ಇನ್ನೊಂದು ಮಾತು. ದೇಶದ ತಂಡ ನಡೆಸುವುದು ಕ್ಲಬ್ ನಡೆಸಿದ ಹಾಗಲ್ಲ. ಆಟಗಾರರು ವರ್ಷದಲ್ಲಿ ಕೆಲವೇ ವಾರ ಕೈಗೆ ಸಿಗುತ್ತಾರೆ. ದಿನಾ ಮೈದಾನದಲ್ಲಿ ನಿಂತು ತಿದ್ದುವಂತಿಲ್ಲ. ಲೆಫ್ಟ್ ಬ್ಯಾಕ್ ಇಲ್ಲ ಅಂದರೆ ಇಲ್ಲ, ಅಷ್ಟೇ. ವಾರವಾರ ಒಬ್ಬರನ್ನೊಬ್ಬರು ಸೋಲಿಸಲು ಒದ್ದಾಡುವ ಹುಡುಗರನ್ನು ಒಂದೇ ಮೇಜಿಗೆ ಊಟಕ್ಕೆ ಕೂರಿಸಬೇಕು. ಎರಿಕ್ಸನ್ ಕಾಲದ ತಂಡದಲ್ಲಿ ಪ್ರತಿಭೆಗೆ ಬರವಿರಲಿಲ್ಲ. ಜೆರಾರ್ಡ್, ಲ್ಯಾಂಪಾರ್ಡ್, ರಿಯೊ ಫರ್ಡಿನೆಂಡ್, ರೂನಿ, ಬೆಕಮ್. ಆದರೆ ಲಿವರ್‌ಪೂಲ್‌ನವರು ಒಂದು ಕಡೆ, ಯುನೈಟೆಡ್‌ನವರು ಒಂದು ಕಡೆ, ಚೆಲ್ಸಿಯವರು ಇನ್ನೊಂದು ಕಡೆ ಇರುತ್ತಿದ್ದೆವು ಅಂತ ಆ ಆಟಗಾರರೇ ಆಮೇಲೆ ಬಾಯಿಬಿಟ್ಟು ಹೇಳಿದ್ದಾರೆ.

ಅದನ್ನು ಸರಿಪಡಿಸಿದವರು ಗ್ಯಾರೆತ್ ಸೌತ್‌ಗೇಟ್. 2016ರಲ್ಲಿ ಸ್ಯಾಮ್ ಅಲರ್ಡೈಸ್ ಒಂದೇ ಒಂದು ಪಂದ್ಯ ಆಡಿಸಿ ಹೋದ ಮೇಲೆ, ಕಿರಿಯರ ತಂಡ ನೋಡಿಕೊಳ್ಳುತ್ತಿದ್ದ ಇವರನ್ನು ಸದ್ಯಕ್ಕೆ ಇರಲಿ ಅಂತ ಕರೆದರು. ಎಂಟು ವರ್ಷ ಇದ್ದರು. 102 ಪಂದ್ಯ. 2018ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ಮೇಲೆ ಪೆನಾಲ್ಟಿಯಲ್ಲಿ ಗೆದ್ದರು. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿ ಶೂಟೌಟ್ ಗೆದ್ದದ್ದು ಅದೇ ಮೊದಲು. ಆಮೇಲೆ ಎರಡು ಯೂರೋ ಫೈನಲ್. ಎರಡನ್ನೂ ಸೋತರು, ನಿಜ. ಆಟ ನೀರಸ ಅಂತ ಜನ ಗೊಣಗಿದರು, ಅದರಲ್ಲೂ ಸ್ವಲ್ಪ ಸತ್ಯ ಇದೆ. 2024ರಲ್ಲಿ ಕಲೋನ್‌ನಲ್ಲಿ ಸ್ಲೊವೇನಿಯಾ ಜೊತೆ 0-0 ಆದಾಗ ಅವರದ್ದೇ ಅಭಿಮಾನಿಗಳು ಅವರ ಕಡೆಗೆ ಪ್ಲಾಸ್ಟಿಕ್ ಲೋಟ ಎಸೆದರು. ಅದನ್ನು ನೋಡಿ ನನಗೆ ತುಂಬಾ ಸಂಕಟ ಆಯಿತು.

ಯಾಕೆ ಅಷ್ಟು ಸಂಕಟ ಅಂದರೆ, ನನಗೆ ಸೌತ್‌ಗೇಟ್ ಅಂದ ಕೂಡಲೇ ನೆನಪಾಗುವುದು 2021ರ ಜುಲೈ 12, ಸೋಮವಾರ. ಹಿಂದಿನ ರಾತ್ರಿ ವೆಂಬ್ಲಿಯಲ್ಲಿ ಇಟಲಿ ವಿರುದ್ಧ ಫೈನಲ್. ಪೆನಾಲ್ಟಿಯಲ್ಲಿ ಮಾರ್ಕಸ್ ರ‍್ಯಾಶ್‌ಫರ್ಡ್, ಜೇಡನ್ ಸಾಂಚೊ, ಬುಕಾಯೊ ಸಾಕಾ ಮೂವರಿಗೂ ಗೋಲು ಆಗಲಿಲ್ಲ. ಮೂವರೂ ಕಪ್ಪು ಹುಡುಗರು. ಸಾಕಾನಿಗೆ ಆಗ 19 ವರ್ಷ. ಬೆಳಿಗ್ಗೆ ಲ್ಯಾಬಿಗೆ ಹೋದರೆ, ಲಾಗೋಸ್‌ನಿಂದ ಬಂದವರ ಮಗನಾದ ನನ್ನ ಸಹೋದ್ಯೋಗಿ ಸೆಂಟ್ರಿಫ್ಯೂಜ್‌ಗೆ ಟ್ಯೂಬ್ ಜೋಡಿಸುತ್ತಿದ್ದ. ಎದುರುಬದುರಾಗಿ, ತೂಕ ಸರಿಹೊಂದಿಸಿ, ಒಂದೊಂದಾಗಿ. ತಲೆ ಎತ್ತದೆ ಹೇಳಿದ: ‘ಸಾಕಾನ ಚೆಂಡನ್ನು ಗೋಲ್‌ಕೀಪರ್ ತಡೆದ ಕ್ಷಣವೇ ನನ್ನ ಹೆಂಡತಿ ಟಿವಿ ಆಫ್ ಮಾಡಿ ಮನೆಯಲ್ಲಿದ್ದ ಫೋನನ್ನೆಲ್ಲ ಎತ್ತಿಟ್ಟಳು. ಮುಂದೆ ಏನು ಬರುತ್ತೆ ಅಂತ ಗೊತ್ತಿತ್ತು. ಮಗ ನೋಡೋದು ಬೇಡ ಅಂತ.’

ಬಂದದ್ದೂ ಹಾಗೆಯೇ. ಆ ಮೂವರ ಮೇಲೆ ಬಣ್ಣ ಹಿಡಿದು ಬೈಗುಳದ ಮಳೆ ಸುರಿಯಿತು. ಅವತ್ತು ಸೌತ್‌ಗೇಟ್ ಕ್ಯಾಮೆರಾ ಮುಂದೆ ಕೂತು, ಯಾರು ಪೆನಾಲ್ಟಿ ಹೊಡೆಯಬೇಕು ಅಂತ ನಿರ್ಧಾರ ಮಾಡಿದ್ದು ನಾನು, ಹೊಣೆ ನನ್ನದು ಅಂದರು. ಬಂದ ಬೈಗುಳಗಳನ್ನು ಕ್ಷಮಿಸಲಾಗದ್ದು ಅಂದರು. ಟೂರ್ನಿಗೂ ಮೊದಲೇ, ಆಟಗಾರರು ಮಂಡಿಯೂರಿ ವರ್ಣಭೇದ ವಿರೋಧಿಸಿದ್ದಕ್ಕೆ ಸ್ವಂತ ಪ್ರೇಕ್ಷಕರೇ ಕೂಗಾಡಿದಾಗ, ಅವರು ದೇಶಕ್ಕೆ ಒಂದು ಬಹಿರಂಗ ಪತ್ರ ಬರೆದು ಹುಡುಗರ ಪರ ನಿಂತಿದ್ದರು. ಹೊರಗಿನಿಂದ ಬಂದು ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರಿಗೆ ಇದು ಬರೀ ಆಟದ ವಿಷಯ ಅಲ್ಲ. ಈ ದೇಶದ ಬಿಳಿ ಅಂಗಿಯನ್ನು ಯಾರು ಹಾಕಬಹುದು, ಎಡವಿದಾಗಲೂ ಯಾರು ನಮ್ಮವರಾಗಿಯೇ ಉಳಿಯುತ್ತಾರೆ ಅಂತ ಎಲ್ಲರ ಎದುರು ಹೇಳುವವರು ಈ ಮ್ಯಾನೇಜರ್. ಹಾಗೆ ಹೇಳುವ ಧೈರ್ಯ, ಹೇಳಿದರೆ ಜನ ಕೇಳುವಷ್ಟು ನಂಬಿಕೆ, ಎರಡೂ ಹದಿನೆಂಟು ತಿಂಗಳಲ್ಲಿ ಹುಟ್ಟುವುದಿಲ್ಲ.

ಹದಿನೆಂಟು ತಿಂಗಳು ಅಂದೆ, ಯಾಕೆಂದರೆ ಟೂಕೆಲ್‌ಗೆ ಮೊದಲು ಕೊಟ್ಟ ಒಪ್ಪಂದ ಅಷ್ಟೇ. 2025ರ ಜನವರಿಯಿಂದ 2026ರ ವಿಶ್ವಕಪ್ ಮುಗಿಯುವವರೆಗೆ. ನನ್ನ ತಕರಾರು ಅವರು ಜರ್ಮನಿಯವರು ಅನ್ನುವುದಕ್ಕೆ ಅಲ್ಲವೇ ಅಲ್ಲ, ಈ ಅವಧಿಗೆ. ಬಾ, ಒಂದು ಕಪ್ ಗೆದ್ದುಕೊಡು, ಹೋಗು ಅಂದ ಹಾಗಾಯ್ತು ಅಲ್ವಾ? ಅವರ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟ. ವಿಶ್ವಕಪ್ ಅರ್ಹತಾ ಸುತ್ತಿನ ಎಂಟಕ್ಕೆ ಎಂಟೂ ಪಂದ್ಯ ಗೆದ್ದರು, ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಆದರೆ ನಡುವೆ, 2025ರ ಜೂನ್‌ನಲ್ಲಿ, ನಾಟಿಂಗಮ್‌ನಲ್ಲಿ ಸೆನೆಗಲ್ 3-1ರಿಂದ ಸೋಲಿಸಿದಾಗ ಅದೊಂದು ಸೌಹಾರ್ದ ಪಂದ್ಯ ಅನ್ನುವುದನ್ನೂ ಮರೆತು ‘ಕಳಿಸಿಬಿಡಿ’ ಅನ್ನುವ ಕೂಗು ಟೀ ರೂಮಿನಲ್ಲಿ ಎದ್ದೇ ಎದ್ದಿತು.

ಹಳೆಯದನ್ನು ನೋಡಿ. ರ‍್ಯಾಮ್ಸಿ ಬರುವುದಕ್ಕೆ ಮೊದಲು ಆಟಗಾರರನ್ನು ಆರಿಸುತ್ತಿದ್ದದ್ದು ಒಂದು ಸಮಿತಿ. ಆಯ್ಕೆ ಪೂರ್ತಿ ನನ್ನ ಕೈಯಲ್ಲಿ ಇರಬೇಕು ಅಂತ ಹಟ ಹಿಡಿದು 1963ರಲ್ಲಿ ಕೆಲಸ ಹಿಡಿದರು. 11 ವರ್ಷ ಇದ್ದರು. ಬಾಬಿ ರಾಬ್ಸನ್ 1984ರ ಯೂರೋಗೆ ಅರ್ಹತೆಯನ್ನೇ ಪಡೆಯಲಿಲ್ಲ. 1988ರ ಯೂರೋದಲ್ಲಿ ಮೂರಕ್ಕೆ ಮೂರೂ ಸೋತರು. ಪತ್ರಿಕೆಗಳು ಅವರನ್ನು ಹರಿದು ತಿಂದವು. ಅಸೋಸಿಯೇಷನ್ ಅವರನ್ನು ಬಿಡಲಿಲ್ಲ. 1990ರಲ್ಲಿ ಅದೇ ರಾಬ್ಸನ್ ತಂಡವನ್ನು ವಿಶ್ವಕಪ್ ಸೆಮಿಫೈನಲ್‌ಗೆ ಒಯ್ದರು. ಬೇಗ ಬಂದು ಬೇಗ ಹೋದವರಲ್ಲಿ 1996ರ ಟೆರಿ ವೆನಬಲ್ಸ್ ಒಬ್ಬರು ಮಾತ್ರ ಸೆಮಿಫೈನಲ್ ಮುಟ್ಟಿದರು. ಅದೂ ತವರಿನ ಟೂರ್ನಿ.

ನಮ್ಮ ದೇಶದ ಕಥೆ ಇದಕ್ಕಿಂತ ಬೇರೆ ಏನಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ 1950ರಿಂದ 1963ರವರೆಗೆ ಭಾರತ ತಂಡ ನೋಡಿಕೊಂಡರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಎಲ್ಲ ಆ ಒಬ್ಬರ ಕಾಲದಲ್ಲೇ. ಅದಕ್ಕೂ ಮೊದಲು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ಎದುರು ಆಡಿದ್ದು ನಾನಿರುವ ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ. ಹೆಚ್ಚಿನವರು ಬರಿಗಾಲಲ್ಲಿ. ಭಾರತದ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈತಪ್ಪಿ 2-1ರಿಂದ ಸೋತೆವು. ಬೆಂಗಳೂರಿನಿಂದ ಯಾರೇ ನಮ್ಮ ಮನೆಗೆ ಬರಲಿ, ಆ ಮೈದಾನದವರೆಗೆ ನಡೆಸಿಕೊಂಡು ಹೋಗಿ ತೋರಿಸುತ್ತೇನೆ.

2025ರ ಅಕ್ಟೋಬರ್ 14ರ ರಾತ್ರಿ ಇಂಗ್ಲೆಂಡ್ ರೀಗಾದಲ್ಲಿ ಲಾಟ್ವಿಯಾ ಮೇಲೆ 5-0ಯಿಂದ ಗೆದ್ದು ವಿಶ್ವಕಪ್‌ಗೆ ಹೋಯಿತು. ಅದೇ ದಿನ ಗೋವಾದಲ್ಲಿ ಭಾರತ ಸಿಂಗಪುರದ ಎದುರು 2-1ರಿಂದ ಸೋತು ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲೇ ಹೊರಬಿತ್ತು. ಆಸ್ಟಿನ್ ಟೌನ್‌ನಿಂದ ಅಣ್ಣನ ಫೋನ್: ‘ಏನೋ ಇದು, ಆ ಖಾಲಿದ್ ಜಮೀಲ್‌ನ ತೆಗೀಬೇಕು ಕಣೋ, ಮತ್ತೆ ಯಾರಾದ್ರೂ ಫಾರಿನ್‌ನವನನ್ನೇ ತರಲಿ.’ ಜಮೀಲ್ ಬಂದು ಆಗ ಮೂರು ತಿಂಗಳೂ ಆಗಿರಲಿಲ್ಲ. ಅವರಿಗೆ ಮೊದಲು ಸ್ಪೇನ್‌ನವರು, ಅದಕ್ಕೂ ಮೊದಲು ಕ್ರೊವೇಷಿಯಾದವರು ಇದ್ದರು. ‘ಅಣ್ಣ, ನಾಲ್ಕು ವರ್ಷ ಬಿಟ್ಟು ಕೇಳು’ ಅಂದೆ. ಅವನಿಗೆ ಸಿಟ್ಟು ಬಂತು.

ಟೂಕೆಲ್ ಆದಮೇಲೆ ಯಾರು ಅಂತ ಈಗಲೇ ಕೇಳಿದರೆ ನನ್ನ ಓಟು ಲೀ ಕಾರ್ಸ್ಲಿಗೆ. ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಅಜ್ಜಿಯ ಕಡೆಯ ನಂಟಿನಿಂದ ಆಡಿದ್ದು ಐರ್ಲೆಂಡಿಗೆ. ಸೌತ್‌ಗೇಟ್ ಬಿಟ್ಟಮೇಲೆ ಆರು ಪಂದ್ಯ ತಾತ್ಕಾಲಿಕವಾಗಿ ಇಂಗ್ಲೆಂಡ್ ತಂಡ ನೋಡಿಕೊಂಡರು, ಐದು ಗೆದ್ದರು, ಗ್ರೀಸ್ ಎದುರು ಒಂದು ಸೋತರು. ಆದರೆ ಇಲ್ಲಿ ಜಾಸ್ತಿ ಚರ್ಚೆ ಆದದ್ದು ಅವರು ರಾಷ್ಟ್ರಗೀತೆ ಹಾಡಲಿಲ್ಲ ಅನ್ನುವುದರ ಬಗ್ಗೆ. ಐರ್ಲೆಂಡಿಗೆ ಆಡುವಾಗಲೂ ನಾನು ಹಾಡುತ್ತಿರಲಿಲ್ಲ, ನನ್ನ ಗಮನ ಪಂದ್ಯದ ಮೇಲಿರುತ್ತದೆ ಅಂತ ಅವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಎರಡು ದೇಶದ ನಂಟು ಇಟ್ಟುಕೊಂಡ ಮನುಷ್ಯ ಬಾಯಿ ಬಿಡದೆ ನಿಂತರೆ ಅದರ ಲೆಕ್ಕ ಕೇಳುವವರು ಎಷ್ಟೊಂದು ಜನ!

ಕಾರ್ಸ್ಲಿ ಮತ್ತೆ ಕಿರಿಯರ ತಂಡಕ್ಕೆ ಹೋದರು. 2023ರಲ್ಲಿ ಗೆದ್ದಿದ್ದ 21ರೊಳಗಿನವರ ಯೂರೋ ಕಪ್ಪನ್ನು 2025ರ ಜೂನ್‌ನಲ್ಲಿ, ಜರ್ಮನಿಯ ಮೇಲೆ 3-2ರಿಂದ ಮತ್ತೊಮ್ಮೆ ಗೆದ್ದರು. ಆ ಹುಡುಗರೇ ಇನ್ನು ನಾಲ್ಕೈದು ವರ್ಷದಲ್ಲಿ ದೊಡ್ಡ ತಂಡದಲ್ಲಿ ಇರುತ್ತಾರೆ. ಅವರಲ್ಲಿ ಯಾರು ಹೇಗೆ, ಯಾರ ಜೊತೆ ಯಾರು ಹೊಂದುತ್ತಾರೆ ಅಂತ ಕಾರ್ಸ್ಲಿಯಷ್ಟು ಬಲ್ಲವರು ಯಾರಿದ್ದಾರೆ? ಇದನ್ನು ಹಿರಿಯರ ಹತ್ತಿರ ಹೇಳಿದೆ. ‘ಗ್ರೀಸ್ ಎದುರು ಸ್ಟ್ರೈಕರೇ ಇಲ್ಲದೆ ಆಡಿಸಿದ್ದ, ಮರೆತೆಯಾ?’ ಅಂದರು. ಮರೆತಿಲ್ಲ. ಆದರೂ ಕೆಲಸ ಕಾರ್ಸ್ಲಿಗೇ ಕೊಡಬೇಕು, ಕೊಟ್ಟರೆ ಎರಡು ವಿಶ್ವಕಪ್‌ಗಾದರೂ ಕೊಡಬೇಕು.