ಆಯಿಯ ಗೇಣು

ನಿನ್ನೆ ರಾತ್ರಿ ಊಟ ಮುಗಿಸಿ ಕೂತು, ಕೊನೆಯದಕ್ಕೂ ಕಸೆ ಹಚ್ಚಿ ದಾರ ಕಡಿದೆ. ಸಣ್ಣ ಮಕ್ಕಳ ಕಿವಿ ಮುಚ್ಚುವ, ಕಸೆ ಕಟ್ಟುವ ಕುಲಾಯಿ ಹತ್ತೊಂಬತ್ತು, ಒಂದು ಟೊಪ್ಪಿಗೆ. ಎಲ್ಲವನ್ನೂ ಮಂಚದ ಮೇಲೆ ಸಾಲಾಗಿ ಇಟ್ಟೆ. ಖಣದ ಬಟ್ಟೆ. ಗಿಳಿಹಸಿರು, ಕುಂಕುಮ ಕೆಂಪು, ಕಡುನೀಲಿ. ಒಳಗೆ ಹಳೆಯ ಧೋತರದ ಮೆತ್ತನೆಯ ಅಸ್ತರ. ಒಂದೊಂದನ್ನೇ ನೋಡುತ್ತಾ ಹೋದ ಹಾಗೆ ಅದನ್ನು ಹಾಕಿಕೊಳ್ಳುವ ಮುಖ ಕಣ್ಣ ಮುಂದೆ ಬಂತು. ಇದು ಪ್ರಾರ್ಥನೆಯಲ್ಲಿ ಬೆರಳ ಸಂದಿಯಿಂದ ನೋಡುವ ಹುಡುಗಿಯದು. ಇದು ಅವ್ವನ ಸೆರಗು ಬಿಡದೆ ಅಳುವವನದು. ಇದು ಎಲ್ಲರಿಗಿಂತ ಜೋರಾಗಿ ಹಾಡುವವನದು. ಕರ್ತನಿಗೆ ಸ್ತೋತ್ರ ಹೇಳಿ ಲೈಟ್ ಆರಿಸಿದೆ. ನಿದ್ದೆ ಬರಲಿಲ್ಲ. ಮನಸ್ಸು ತುಂಬಿತ್ತು.

ಗದಗಿಗೆ ಅಂಟಿಕೊಂಡ ನಮ್ಮ ಬೆಟಗೇರಿಯಲ್ಲಿ ಮಕ್ಕಳ ಕ್ರಿಸ್‌ಮಸ್‌ಗೆ ತಯಾರಿ ಶುರುವಾಗುವುದು ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ, ಮೊದಲ ಭಾನುವಾರ. ನಾನು ಸಂಡೇ ಸ್ಕೂಲಿನ ಸಣ್ಣ ಮಕ್ಕಳ ವರ್ಗ ನೋಡಿಕೊಳ್ಳುತ್ತೇನೆ. ಮೂರರಿಂದ ಆರು ವರ್ಷದವರು. ನಾಟಕದಲ್ಲಿ ಇವರಿಗೆ ಮಾತಿಲ್ಲ. ಇವರು ಕುರಿಮರಿಗಳು. ಕುರುಬರ ಪಾತ್ರದ ದೊಡ್ಡ ಹುಡುಗರ ಸುತ್ತ ಮಂಡಿಯೂರಿ ಕೂತು 'ಬ್ಯಾ' ಅನ್ನುವುದಷ್ಟೇ ಕೆಲಸ. ಲೂಕನ ಸುವಾರ್ತೆಯ ಆ ಕುರುಬರ ಕಥೆ ನಮ್ಮ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರಲ್ಲ, ಕಂಬಳಿ ಹೊದ್ದವರು ಚಳಿಯಲ್ಲಿ ಬೆಂಕಿ ಹಾಕಿಕೊಂಡು ಕೂತಿರುತ್ತಾರಲ್ಲ, ಯೇಸು ಹುಟ್ಟಿದ ಸುದ್ದಿ ಹೊತ್ತು ದೇವದೂತ ಬಂದದ್ದು ಅಂಥವರ ಹತ್ತಿರ. ಇಷ್ಟು ಹೇಳಿದರೆ ಸಾಕು, ಮಕ್ಕಳ ಕಣ್ಣು ಅರಳುತ್ತದೆ.

ಸಾಮಾನು ನಾವು ಜಾಸ್ತಿ ಕೊಳ್ಳುವುದಿಲ್ಲ. ಗದಗ ಮುದ್ರಣ ಕಾಶಿ ಅಲ್ವಾ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಹಾಳೆಯ ಪಟ್ಟಿಗಳನ್ನು ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ಲಗ್ನಪತ್ರಿಕೆಯಿಂದ ಉಳಿದ ಬಂಗಾರ ಬಣ್ಣದ ಅಂಚು ಸಿಕ್ಕರೆ ನಾಟಕದಲ್ಲಿ ಮೂಡಣ ದೇಶದ ಜೋಯಿಸರಿಗೆ ಕಿರೀಟ ಆಯಿತು. ಮಗ್ಗದ ಮನೆಗಳಿಂದ ತುಂಡು ನೂಲು ಬರುತ್ತದೆ. ಖಣದ ಚೂರು ಕುಬಸ ಹೊಲಿಯುವ ಟೇಲರ್ ಕೊಡುತ್ತಾರೆ.

ಮೊನ್ನೆ ಭಾನುವಾರ ಅರಳೆಯ ಕುರಿಮರಿ ಮಾಡಿಸಿದೆ. ರಟ್ಟನ್ನು ಕುರಿಯ ಆಕಾರಕ್ಕೆ ಕತ್ತರಿಸಿ, ಅಂಟು ಬಳಿದು, ಅರಳೆಯನ್ನು ಚೂರು ಚೂರು ಹಿಂಜಿ ಅಂಟಿಸುವುದು. ಕಾಲಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ. ಕಣ್ಣಿಗೆ ಗುರೆಳ್ಳು. ಗುರೆಳ್ಳು ಕರ್ರಗೆ ಮಿಂಚುತ್ತದೆ, ಎಳ್ಳಿನ ಹಾಗೆ ಮಂಕಲ್ಲ. ನಾಲ್ಕು ವರ್ಷದ ಒಬ್ಬಳು ನಾಲಿಗೆ ಹೊರಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು, ತೋರುಬೆರಳಿನ ತುದಿಗೆ ಒಂದೇ ಒಂದು ಕಾಳು ಅಂಟಿಸಿಕೊಂಡು ಕುರಿಯ ಮುಖದ ಮೇಲೆ ಒತ್ತಿದಳು. ಬೆರಳು ತೆಗೆದಳು. ಕಾಳು ನಿಂತಿತ್ತು. "ಅಕ್ಕಾರ, ಇದು ನನ್ನ ನೋಡಾಕತ್ತೈತ್ರಿ" ಅಂದಳು. ಆಮೇಲೆ ಆ ಕುರಿಯನ್ನು ಅವಳು ಕೆಳಗೆ ಇಡಲೇ ಇಲ್ಲ.

ಅಂಟು ಮಾತ್ರ ನಾನು ಮನೆಯಲ್ಲೇ ಕುದಿಸುತ್ತೇನೆ. ಮೈದಾಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಮೊದಲು ಹಾಲಿನ ಹಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಸೌಟು ಭಾರವಾಗುತ್ತದೆ. ಬಿಳುಪು ಹೋಗಿ ಗಾಜಿನ ಹಾಗೆ ಆದಾಗ ಒಂದು ವಾಸನೆ ಬರುತ್ತದೆ. ಅನ್ನದ ಗಂಜಿಯದಲ್ಲ, ಚಪಾತಿಯದೂ ಅಲ್ಲ. ಹಸಿ ಹಿಟ್ಟು ಆಗಷ್ಟೇ ಬೆಂದ ವಾಸನೆ, ಸ್ವಲ್ಪ ಸಿಹಿ, ಬೆಚ್ಚಗೆ. ಬೇರೆಯವರಿಗೆ ಕ್ರಿಸ್‌ಮಸ್ ಅಂದರೆ ಕೇಕಿನ ವಾಸನೆ ಇರಬಹುದು. ನನಗೆ ಈ ಅಂಟಿನ ವಾಸನೆ. ಅದು ಮೂಗಿಗೆ ಬಿದ್ದ ಕೂಡಲೇ ಐವತ್ತು ವರ್ಷ ಹಿಂದಕ್ಕೆ ಹೋಗಿಬಿಡುತ್ತೇನೆ. ಅಡುಗೆಮನೆಯ ಹೊಗೆ, ಬಾಗಿಲಲ್ಲಿ ಚಿಮಣಿ ದೀಪ, ಒಲೆಯ ಮುಂದೆ ಆಯಿ. ಅಂಟು ಆರುವವರೆಗೆ ಅವಳು ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು. ಇಪ್ಪತ್ಮೂರನೆಯದು ಮುಗಿಯುವಷ್ಟರಲ್ಲಿ ಕೈಹಾಕಬಹುದು, ನೂರಾ ಇಪ್ಪತ್ತೊಂದನೆಯದೂ ಮುಗಿದರೆ ಮಕ್ಕಳ ಕೈಗೆ ಕೊಡಬಹುದು. ಅವಳ ಗಡಿಯಾರ ಅದು.

ಆಯಿ ಅಂದರೆ ನಮ್ಮಪ್ಪನ ಅವ್ವ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಬೆಟಗೇರಿಗೆ ಬಂದರು. ಅವರ ಮಿಷನ್ ಶಾಲೆಯಲ್ಲಿ ಅಕ್ಷರದ ಜೊತೆ ಸೂಜಿ ಹಿಡಿಯುವುದನ್ನೂ ಕಲಿತವಳು ಆಯಿ. ಕಸೂತಿ ಮಾತ್ರ ಓಣಿಯ ಹೆಂಗಸರಿಂದ ಕಲಿತದ್ದು. ಗವಂತಿ ಹೊಲಿಗೆ ಹಾಕಿದರೆ ಬಟ್ಟೆಯ ಹಿಂದುಮುಂದು ಗೊತ್ತಾಗಬಾರದು, ಗಂಟು ಎಲ್ಲೂ ಕಾಣಬಾರದು. "ಮನಿಷಾರು ಮ್ಯಾಲೆ ನೋಡ್ತಾರ, ದೇವ್ರು ತಿರುವಿ ನೋಡ್ತಾನ" ಅನ್ನುತ್ತಿದ್ದಳು.

ನಮ್ಮಪ್ಪ ಎಂಟು ತಿಂಗಳ ಕೂಸಾಗಿದ್ದಾಗ ಎದೆಯಲ್ಲಿ ಕಫ ಕಟ್ಟಿ ಉಸಿರು ಹತ್ತದ ಹಾಗೆ ಆಯಿತಂತೆ. ಡಿಸೆಂಬರ್ ಚಳಿ. ಮಿಷನ್ ದವಾಖಾನೆಯ ಮಂಚದ ಪಕ್ಕ ನೆಲದ ಮೇಲೆ ಕೂತು ಆಯಿ ಹರಕೆ ಹೊತ್ತಳು. "ಕರ್ತನೇ, ಇವನ್ನ ಉಳಿಸಿ ಕೊಟ್ರ, ನನ್ನ ಕೈ ನಡಿಯೂತನಕ ನಿನ್ನ ಮಕ್ಕಳ ಕಿವಿಗೆ ಥಂಡಿ ಹತ್ತಾಕ ಬಿಡೂದಿಲ್ಲ." ಅಪ್ಪ ಉಳಿದ. ಆ ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೆ ಸಂಡೇ ಸ್ಕೂಲಿನ ಸಣ್ಣ ಮಕ್ಕಳಿಗೆಲ್ಲ ಕುಲಾಯಿ. ನಮ್ಮ ಚರ್ಚ್ ಸಭೆಯ ಮಕ್ಕಳು ಅಂತಲೂ ಅವಳು ಎಣಿಸುತ್ತಿರಲಿಲ್ಲ. ಅಂಗಳಕ್ಕೆ ಆಡಲು ಬಂದವರೂ ಲೆಕ್ಕದಲ್ಲಿ ಸೇರುತ್ತಿದ್ದರು.

ಆರಾಧನೆ ಮುಗಿದ ಮೇಲೆ ಆಯಿ ಬಾಗಿಲ ಹತ್ತಿರ ನಿಂತು ಒಂದೊಂದು ಮಗುವಿನ ತಲೆಯ ಮೇಲೂ ಕೈ ಇಡುತ್ತಿದ್ದಳು. ಬೆರಳು ಅಗಲಿಸಿ, ಹೆಬ್ಬೆರಳು ಒಂದು ಕಿವಿಯ ಹತ್ತಿರ, ಕಿರುಬೆರಳು ಇನ್ನೊಂದು ಕಿವಿಯ ಕಡೆಗೆ ಚಾಚಿ, ಒಂದು ಗಳಿಗೆ ಸುಮ್ಮನೆ ಹಿಡಿಯುತ್ತಿದ್ದಳು. ತುಟಿ ಅಲುಗುತ್ತಿತ್ತು. ಆಶೀರ್ವಾದ ಮಾಡುತ್ತಾಳೆ ಅಂದುಕೊಂಡು ನಾವು ತಲೆ ಬಗ್ಗಿಸಿ ನಿಲ್ಲುತ್ತಿದ್ದೆವು. ನನಗೆ ಒಂಬತ್ತೋ ಹತ್ತೋ ವರ್ಷ ಇದ್ದಾಗ, "ಆಯಿ, ಕೈ ಇಟ್ಟು ಏನಂತೀ?" ಅಂತ ಕೇಳಿದೆ. "ಗೇಣಿನ ಮ್ಯಾಲೆ ನಾಕು ಬಳ್ಳು, ಗೇಣಿನ ಮ್ಯಾಲೆ ಮೂರು ಬಳ್ಳು. ಮರೀಬಾರ್ದಲ್ಲ, ಅದಕ್ಕ ಬಾಯಾಗ ಅಂತೀನಿ" ಅಂದಳು.

ಅಳತೆ ತೆಗೆದುಕೊಳ್ಳುತ್ತಿದ್ದಳು! ಆ ದಿನ ನನಗೆ ಸ್ವಲ್ಪ ಬೇಜಾರೇ ಆಯಿತು. "ಹಂಗಾರ ಆಶೀರ್ವಾದ ಅಲ್ಲನ?" ಅಂದೆ. ಆಯಿ ಸೂಜಿಯಿಂದ ಕಣ್ಣು ತೆಗೆಯದೆ, "ಎರಡಕ್ಕೂ ಕೈ ಒಂದ ಇಡೂದವಾ" ಅಂದಳು.

ಈ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಬೈಬಲಿನ ಸಮುವೇಲನ ಮೊದಲನೆಯ ಪುಸ್ತಕದ ಹನ್ನಳ ಕಥೆಯನ್ನು ಮಕ್ಕಳಿಗೆ ಹೇಳಲು ಶುರುಮಾಡಿದ ಮೇಲೆ. ಮಗ ಹುಟ್ಟಿದರೆ ದೇವರಿಗೇ ಕೊಡುತ್ತೇನೆ ಅನ್ನುವ ಹನ್ನಳ ಹರಕೆ, ಅವಳ ತುಟಿ ಮಾತ್ರ ಅಲುಗಿದ್ದು, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡದ್ದು, ಇವು ನಮಗೆಲ್ಲ ಗೊತ್ತು. ಮೊದಲನೆಯ ಅಧ್ಯಾಯಕ್ಕೆ ಪಾದ್ರಿಗಳ ಪ್ರಸಂಗಗಳು ಬೇಕಾದಷ್ಟು ಕೇಳಿದ್ದೇವೆ. ಎರಡನೆಯ ಅಧ್ಯಾಯದ 19ನೆಯ ವಚನದ ಹತ್ತಿರ ಮಾತ್ರ ಯಾರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹಾಲು ಬಿಡಿಸಿದ ಕೂಸು ಸಮುವೇಲನನ್ನು ಶೀಲೋವಿನ ದೇವಾಲಯದಲ್ಲಿ ಬಿಟ್ಟು ಬಂದ ಆ ತಾಯಿ, ವರ್ಷ ವರ್ಷ ಗಂಡನ ಜೊತೆ ಯಜ್ಞಕ್ಕೆ ಹೋಗುವಾಗ ಒಂದು ಚಿಕ್ಕ ನಿಲುವಂಗಿ ಹೊಲಿದುಕೊಂಡು ಹೋಗುತ್ತಿದ್ದಳು.

ಹೊಲಿಗೆ ಗೊತ್ತಿದ್ದವರು ಇದನ್ನು ಓದಿ ಒಂದು ಗಳಿಗೆ ನಿಲ್ಲಬೇಕು. ಮಗ ಎದುರಿಗೆ ಇಲ್ಲ. ನೋಡಿ ವರ್ಷ ಆಗಿದೆ. ಅಳತೆ ಎಲ್ಲಿಂದ ತಂದಳು? ಹೋದ ವರ್ಷ ಎದೆಗೆ ಅಪ್ಪಿಕೊಂಡಾಗ ಅವನ ತಲೆ ತನ್ನ ಸೊಂಟದ ಯಾವ ಜಾಗಕ್ಕೆ ತಾಗಿತ್ತು ಅಂತ ನೆನಪಿಟ್ಟುಕೊಂಡಿರಬೇಕು. ಊರಿನಲ್ಲಿ ಅದೇ ವಯಸ್ಸಿನ ಬೇರೆ ಹುಡುಗರು ಓಡಾಡುವುದನ್ನು ನೋಡಿ, ಇವನೂ ಇಷ್ಟು ಬೆಳೆದಿರುತ್ತಾನೆ ಅಂತ ಮನಸ್ಸಿನಲ್ಲೇ ಗೇಣು ಹಾಕಿರಬೇಕು. ದಿನಾ ಅವನನ್ನು ನೆನೆಯದೆ ಆ ಅಂಗಿ ಹೊಲಿಯಲು ಆಗುತ್ತಿತ್ತಾ? ಅವಳ ವರ್ಷದ ಪ್ರಾರ್ಥನೆ ಎಲ್ಲಾ ಆ ಅಂಗಿಯ ಒಳಗೇ ಇತ್ತು ಅಂತ ನಾನು ನಂಬುತ್ತೇನೆ. ಮುಂದೆ ಹದಿನೈದನೆಯ ಅಧ್ಯಾಯದಲ್ಲಿ ರಾಜ ಸೌಲನ ಕೈಗೆ ಸಿಕ್ಕಿ ಹರಿಯುವುದು ಸಮುವೇಲನ ನಿಲುವಂಗಿಯೇ. ಇಪ್ಪತ್ತೆಂಟನೆಯದರಲ್ಲಿ ಸಮುವೇಲನ ಗುರುತು ಹತ್ತುವುದೂ ಅವನು ಹೊದ್ದ ನಿಲುವಂಗಿಯಿಂದ. ಅದನ್ನು ಓದುವಾಗೆಲ್ಲ ನನಗೆ ಹನ್ನಳ ಕೈಯೇ ನೆನಪಾಗುತ್ತದೆ.

ಆಯಿ ಹೋದ ಮೇಲೆ ಕೆಲವು ವರ್ಷ ನಾವೂ ಕೈಬಿಟ್ಟೆವು. ಇದನ್ನು ಬರೆಯುವಾಗ ನೋವಾಗುತ್ತದೆ. ಎಲ್ಲರಿಗೂ ಕೆಲಸ, ಯಾರಿಗೂ ಪುರುಸೊತ್ತಿಲ್ಲ. ಡಜನ್ ಲೆಕ್ಕದಲ್ಲಿ ಪ್ಲಾಸ್ಟಿಕ್ ಕಂಪಾಸ್ ಪೆಟ್ಟಿಗೆ ತಂದು ಕೊಟ್ಟೆವು. ಎಲ್ಲಾ ಒಂದೇ ಬಣ್ಣ, ಒಂದೇ ಬೊಂಬೆ. ಎರಡು ದಿನ ಬಿಟ್ಟು ಅಂಗಳ ಗುಡಿಸುವಾಗ ಮುರಿದ ಮುಚ್ಚಳ ಮೂರು ಸಿಕ್ಕವು. ಮಕ್ಕಳದು ತಪ್ಪಲ್ಲ. ಅದರಲ್ಲಿ 'ಇದು ನಿನ್ನದು' ಅನ್ನುವ ಯಾವ ಗುರುತೂ ಇರಲಿಲ್ಲ. ಅದನ್ನು ತರುವಾಗ ನಾವು ಯಾವ ಮಗುವನ್ನೂ ನೆನೆದಿರಲಿಲ್ಲ, ಸಂಖ್ಯೆಯನ್ನು ಮಾತ್ರ ನೆನೆದಿದ್ದೆವು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿಕೊಡುವವರು ನಾವು.

ಹೆಂಗಸರ ಸಂಘದಲ್ಲಿ ಮೊದಲು ಇಪ್ಪತ್ತು ಜನ ಕೂತು ಹೊಲಿಯುತ್ತಿದ್ದ ನೆನಪು ನನಗಿದೆ. ಈಗ ನಾಲ್ಕು ಜನ. ಸೂಜಿಗೆ ದಾರ ಪೋಣಿಸಲು ಬರುವ ಹುಡುಗಿಯರು ಕಡಿಮೆಯಾಗಿದ್ದಾರೆ. ತಾಯಂದಿರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಮಗುವಿನ ಕೈಯಲ್ಲಿ ಮೊಬೈಲ್ ಕೊಟ್ಟು ಕೂರಿಸುವ ಬದಲು ವಾರಕ್ಕೆ ಒಂದು ತಾಸು ಕತ್ತರಿ, ಹಾಳೆ, ಅಂಟು ಕೊಡಿ. ಮನೆ ಗಲೀಜಾಗುತ್ತದೆ, ಆಗಲಿ. ಅಜ್ಜನಿಗೆ ಒಂದು ಕಾರ್ಡು, ಪಕ್ಕದ ಮನೆಯವರಿಗೆ ಒಂದು ನಕ್ಷತ್ರ ಮಾಡಲಿ. ಯಾರಿಗೆ ಮಾಡುತ್ತಿದ್ದೀಯ ಅಂತ ಕೇಳಿ, ಅವರ ಹೆಸರು ಹೇಳಿಸಿ. ಮಗು ಕಲಿಯುವ ಮೊದಲ ವಿಜ್ಞಾಪನೆಯ ಪ್ರಾರ್ಥನೆ, ಅಂದರೆ ಇನ್ನೊಬ್ಬರಿಗಾಗಿ ಬೇಡುವ ಪ್ರಾರ್ಥನೆ, ಅದೇ.

ಕುಲಾಯಿಯ ವಿಷಯದಲ್ಲಿ ಆಯಿ ಇನ್ನೊಂದು ಕಲಿಸಿದ್ದಳು. ಮುಂದಿನ ಅಂಚಿನ ಒಳಗೆ ಒಂದು ಬೆರಳಿನಷ್ಟು ಬಟ್ಟೆ ಮಡಿಚಿ ಹೊಲಿಯಬೇಕು. ಮಗು ಬೆಳೆದರೆ ಹೊಲಿಗೆ ಬಿಚ್ಚಿ ಇನ್ನೊಂದು ಚಳಿಗಾಲ ಹಾಕಬಹುದು. ಬಿಚ್ಚಿದಾಗ ಆ ಒಂದು ಬೆರಳಿನ ಪಟ್ಟಿ ಮಾತ್ರ ಹೊಸ ಬಟ್ಟೆಯ ಹಾಗೆ ಮಿಂಚುತ್ತದೆ.

ಮೂರು ವರ್ಷದ ಹಿಂದೆ ನನ್ನ ವರ್ಗಕ್ಕೆ ಒಬ್ಬ ಹುಡುಗ ಬಂದಿದ್ದ. ಕೆಲಸ ಹುಡುಕಿಕೊಂಡು ಬಂದವರ ಮಗ, ನಾಲ್ಕು ವರ್ಷ. ಎರಡೇ ಭಾನುವಾರ ಬಂದ. ಎರಡನೆಯ ಭಾನುವಾರ ತಲೆಯ ಮೇಲೆ ಕೈ ಇಟ್ಟೆ. ಎಣ್ಣೆ ಕಾಣದ ಕೂದಲು, ಬಿಸಿಲಿಗೆ ಕಾದು ಬೆಚ್ಚಗಿತ್ತು. ಗೇಣಿನ ಮೇಲೆ ಮೂರು ಬೆರಳು. "ನನಗ ಕೆಂಪಂದ ಬೇಕ್ರಿ" ಅಂದ. ಕೆಂಪು ಖಣದಲ್ಲೇ ಹೊಲಿದೆ. ಕ್ರಿಸ್‌ಮಸ್ ಹೊತ್ತಿಗೆ ಅವರ ಗುಡಿಸಲು ಖಾಲಿಯಾಗಿತ್ತು. ಗೋವಾ ಕಡೆ ಹೋದರು ಅಂದರು. ವಿಳಾಸ ಯಾರಿಗೂ ಗೊತ್ತಿಲ್ಲ. ಈಸ್ಟರ್‌ತನಕ ಕಾದು, ಬಟ್ಟೆ ಸುಮ್ನೆ ಪೆಟ್ಟಿಗೆಯಲ್ಲಿ ಇರಬಾರದೆಂದು ಆ ಕುಲಾಯಿಯನ್ನು ಬೇರೆ ಮಗುವಿಗೆ ಕೊಟ್ಟೆ.

ಮರುವರ್ಷ ಡಿಸೆಂಬರಿನಲ್ಲಿ ಹೊಲಿಯಲು ಕೂತಾಗ ಕೈ ತಾನಾಗಿ ಕೆಂಪು ಬಟ್ಟೆ ಎತ್ತಿಕೊಂಡಿತು. ಅವನಿಗೆ ಈಗ ಐದು. ಗೇಣಿನ ಮೇಲೆ ಮೂರೂವರೆ ಅಂದುಕೊಂಡೆ. ಅದರ ಮರುವರ್ಷ ನಾಲ್ಕು. ಅವನ ವಾರಿಗೆಯ ಹುಡುಗರ ತಲೆ ಮುಟ್ಟಿ ಮುಟ್ಟಿ ಲೆಕ್ಕ ಹಾಕಿದೆ. ಹನ್ನಳಿಗಾದರೂ ಶೀಲೋವಿನ ದಾರಿ ಗೊತ್ತಿತ್ತು. ನನಗೆ ಅದೂ ಗೊತ್ತಿಲ್ಲ. ಆದರೆ ಆ ಕೆಂಪು ಬಟ್ಟೆಗೆ ಸೂಜಿ ಹಾಕಿದಷ್ಟು ಹೊತ್ತು, ಎಲ್ಲೋ ಸಮುದ್ರದ ಕಡೆ ಇರುವ ಆ ಹುಡುಗನ ಹೆಸರು ನನ್ನ ತುಟಿಯ ಮೇಲಿರುತ್ತದೆ. ಕರ್ತನು ಕೇಳುತ್ತಾನೆ.

ಈ ಸಲ ಅವನಿಗೆ ಏಳು. ಏಳು ವರ್ಷದವನು ಕಸೆ ಕಟ್ಟುವ ಕುಲಾಯಿ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಟೊಪ್ಪಿಗೆ ಹೊಲಿದಿದ್ದೇನೆ, ದೊಡ್ಡ ಹುಡುಗರದರ ಹಾಗೆ. ಒಳಗಿನ ಮಡಿಕೆಗೆ ಒಂದು ಬೆರಳಿನ ಬದಲು ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ.