ರೈಲು ಕಂಬಿಯ ಗಂಟೆ

ನಮ್ಮ ಶಾಲೆಯ ಗಂಟೆ ಅಂದರೆ ರೈಲು ಕಂಬಿಯ ಒಂದು ತುಂಡು. ಹೆಡ್ ಮೇಷ್ಟ್ರ ಕೋಣೆಯ ಮುಂದೆ ತಂತಿಯಲ್ಲಿ ನೇತಾಡುತ್ತಿತ್ತು. ಜವಾನಣ್ಣ ಸುತ್ತಿಗೆಯಿಂದ ಬಾರಿಸಿದರೆ ಊರಾಚೆಯ ಗದ್ದೆಯವರೆಗೂ ಕೇಳಿಸುತ್ತಿತ್ತು. ಆದರೆ ದೇವಸ್ಥಾನದ ಕಂಚಿನ ಗಂಟೆಯ ಇಂಪು ಅದಕ್ಕಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ವಿಜ್ಞಾನದ ಮೇಷ್ಟ್ರು ಇಡೀ ಕ್ಲಾಸನ್ನು ಕಂಬಿಯ ಕೆಳಗೆ ನಿಲ್ಲಿಸಿದರು. "ಲೋಹ ಬೇರೆ, ಆಕಾರ ಬೇರೆ. ಕಿವಿಗೊಟ್ಟು ಕೇಳಿ" ಎಂದರು.

ಈಗ ನಾನಿರುವುದು ಜರ್ಮನಿಯಲ್ಲಿ, ಟ್ಯೂಬಿಂಗನ್ ಹತ್ತಿರದ ಒಂದು ಹಳ್ಳಿಯಲ್ಲಿ. ಶಾಲೆಯ ಲೈಬ್ರರಿಯಲ್ಲಿದ್ದ ಆ ದಪ್ಪ ನಿಘಂಟು ನೆನಪಿದೆಯಲ್ವಾ? ಅದನ್ನು ಮಾಡಿದ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲೇ. ಬಂದ ಮೊದಲ ಭಾನುವಾರ ಇಲ್ಲಿನ ಪುಟ್ಟ ಚರ್ಚಿನ ಗಂಟೆಗಳು ಮೊಳಗಿದಾಗ ನಾನು ಬೀದಿಯಲ್ಲೇ ನಿಂತುಬಿಟ್ಟೆ. ದೊಡ್ಡ ಗಂಟೆಯ ದನಿಯಲ್ಲಿ ನಮ್ಮ ಕಂಬಿಯ ಅದೇ ಗಡಸು ಇತ್ತು.

ಚರ್ಚ್ ನೋಡಿಕೊಳ್ಳುವ ಅಜ್ಜ ನನ್ನನ್ನು ಗೋಪುರ ಹತ್ತಿಸಿದರು. ಮೇಲೆ ಮೂರು ಗಂಟೆಗಳಿವೆ. ದೊಡ್ಡವೆರಡು ಉಕ್ಕಿನವು, ಬೋಹುಮ್ ಊರಿನ ಕಾರ್ಖಾನೆಯ ಎರಕ. ಈ ಕಾರ್ಖಾನೆ 1855ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಉಕ್ಕಿನ ಗಂಟೆ ಕಳಿಸಿತ್ತು. ಇದು ಉಕ್ಕೇ ಅಲ್ಲ, ಬರೀ ಬೀಡು ಕಬ್ಬಿಣ ಅಂತ ಪೈಪೋಟಿಯ ಉಕ್ಕಿನ ಉದ್ಯಮಿ ಕ್ರುಪ್ ತಕರಾರು ತೆಗೆದರು. ಕಾರ್ಖಾನೆಯ ಯಾಕೋಬ್ ಮೇಯರ್ ಒಂದು ಗಂಟೆಯನ್ನೇ ಒಡೆಸಿ, ಚೂರನ್ನು ಕಾಯಿಸಿ ಬಡಿಸಿ, ಉಕ್ಕೆಂದು ತೋರಿಸಿಕೊಟ್ಟರು. ಬೀಡಾಗಿದ್ದರೆ ಬಡಿತಕ್ಕೆ ಪುಡಿಯಾಗುತ್ತಿತ್ತು.

ಇಲ್ಲಿ ಮೊದಲು ಇದ್ದವೂ ಕಂಚಿನವೇ. ಗಂಟೆಯ ಕಂಚಿನಲ್ಲಿ ಐದರಲ್ಲಿ ನಾಲ್ಕು ಪಾಲು ತಾಮ್ರ, ಉಳಿದದ್ದು ತವರ. ಯುದ್ಧಕ್ಕೆ ಬೇಕಾಗಿದ್ದೂ ಅವೆರಡೇ. 1917ರಲ್ಲಿ ಸರ್ಕಾರ ಊರೂರಿನ ಗಂಟೆಗಳನ್ನು ಇಳಿಸಿ ಕರಗಿಸಿತು. ಇಲ್ಲಿನ ದೊಡ್ಡವೆರಡೂ ಹಾಗೇ ಹೋದವು. ಆಮೇಲೆ ಜನ ದುಡ್ಡು ಕೂಡಿಸಿ ಉಕ್ಕಿನವನ್ನು ತಂದರು. ಉಕ್ಕಾದರೆ ಅಗ್ಗ, ಇನ್ನೊಂದು ಯುದ್ಧ ಬಂದರೂ ಯಾರೂ ಕೇಳುವುದಿಲ್ಲ ಅಂತ. ಯುದ್ಧ ಮತ್ತೆ ಬಂತು. 1940ರಿಂದ ಕಂಚಿನ ಗಂಟೆಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಹಾಕಿದರು. 'ಎ' ಅಂದರೆ ನೇರ ಕುಲುಮೆಗೆ. 'ಡಿ' ಅಂದರೆ ತುಂಬ ಹಳೆಯದು, ಬೆಲೆಬಾಳುವುದು, ಗೋಪುರದಲ್ಲೇ ಇರಲಿ. ಯುರೋಪಿನ ಒಂದೂವರೆ ಲಕ್ಷದಷ್ಟು ಗಂಟೆಗಳು ಆಗ ಕರಗಿಹೋದವು. ಹ್ಯಾಂಬರ್ಗ್ ಬಂದರಿನಲ್ಲಿ ಗಂಟೆಗಳನ್ನು ರಾಶಿ ಹಾಕಿದ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರನೆಯದು ಆ 'ಡಿ' ದರ್ಜೆಯ ಪುಟ್ಟ ಕಂಚಿನ ಗಂಟೆ. ಅದರ ಕೊರಳ ಸುತ್ತ ಲೂಕ, ಮಾರ್ಕ, ಮತ್ತಾಯ, ಯೋಹಾನ ಎಂಬ ನಾಲ್ಕು ಹೆಸರುಗಳಿವೆ, ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳ ಹೆಸರು. ಈ ಸೀಮೆಯ ಹಳೆಯ ಗಂಟೆಗಳ ಮೇಲೆ ಆ ನಾಲ್ವರ ಹೆಸರು ಜಾಸ್ತಿ ಕಾಣುತ್ತದೆ. ಅಜ್ಜ ಬೆರಳಿನ ಗಿಣ್ಣಿನಿಂದ ಮೆಲ್ಲಗೆ ತಟ್ಟಿದರು. ದನಿ ಎಷ್ಟು ಹೊತ್ತು ನಿಂತಿತ್ತು ಅಂದರೆ, ನಾವಿಬ್ಬರೂ ಮಾತು ಬಿಟ್ಟು ಕಾಯಬೇಕಾಯಿತು. ಮೇಷ್ಟ್ರು ಹೇಳಿದ್ದು ಇದನ್ನೇ.

ಶಾಲೆಗೆ ಈಗ ಕರೆಂಟಿನ ಬೆಲ್ ಬಂದಿದೆಯಂತೆ. ಆ ಕಂಬಿ ಎಲ್ಲಿದೆ? ದಯವಿಟ್ಟು ಗುಜರಿಗೆ ಹಾಕಬೇಡಿ. ಬೇಸಿಗೆಯಲ್ಲಿ ಊರಿಗೆ ಬರುತ್ತೇನೆ. ಒಂದು ಸಲ ಬಾರಿಸಬೇಕು.