ಎಲ್ಲಿಗೆ ಹೋಗುತ್ತೆ ಗೊತ್ತಾ ಅಕ್ಕಾ?

ಎರಡು ದಿನದ ಮಳೆಗೆ ನಮ್ಮ ಕಕ್ಕಸಿನ ಗುಂಡಿ ತುಂಬಿ, ಬಚ್ಚಲ ನೀರು ಇಳಿಯುವುದೇ ನಿಂತಿತ್ತು. ಫೋನ್ ಮಾಡಿದ ಮರುದಿನ ಬೆಳಿಗ್ಗೆ ಸಕ್ಕಿಂಗ್ ಗಾಡಿ ಬಂತು. ಡ್ರೈವರ್ ಇನ್ನೂ ಚಿಕ್ಕ ಹುಡುಗ. ಪೈಪ್ ಇಳಿಸಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಕೈ ತೊಳೆದು ಕುಡಿಯಲು ನೀರು ಕೇಳಿದ.

ನಾನು ಒಳಗಿಂದ ಲೋಟ ತರುವಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದಲೇ ಚೊಂಬು ಎತ್ತಿ ಸುರಿಯುತ್ತಿದ್ದರು. ಅವನು ಬಗ್ಗಿ ಬೊಗಸೆ ಒಡ್ಡಿದ್ದ. ಕೈ ತೊಳೆದಿದ್ದನಲ್ಲ, ಮತ್ಯಾಕೆ? ಆಕೆ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಳಿಸಿದವರು. ಅದಕ್ಕೇ ಜಾಸ್ತಿ ನೋವಾಯಿತು.

ಬಾಯಿ ಒರೆಸಿಕೊಂಡು ಅವನು ನನ್ನ ಕಡೆ ತಿರುಗಿದ. "ಇದು ಎಲ್ಲಿಗೆ ಹೋಗುತ್ತೆ ಗೊತ್ತಾ ಅಕ್ಕಾ?"

"ಊರಾಚೆ ಎಲ್ಲೋ ಅಲ್ವಾ" ಅಂದೆ.

"ಒಂದ್ಸಲ ಬಂದು ನೋಡಿ."

ಶುಕ್ರವಾರ ಹೋದೆ. ನಮ್ಮ ದೇವನಹಳ್ಳಿಯಲ್ಲಿ ಮಲದ ಕೆಸರನ್ನು ಶುದ್ಧ ಮಾಡುವ ಘಟಕ ಶುರುವಾಗಿದ್ದು 2015ರಲ್ಲಿ. ಒಂದಿಡೀ ಊರಿಗಾಗಿ ಕಟ್ಟಿದ ಇಂಥ ಘಟಕ ದೇಶದಲ್ಲಿ ಇದೇ ಮೊದಲು. ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಗಾಡಿ ಲೋಡು. ದೊಡ್ಡ ಮಷಿನ್ನಿನ ಸದ್ದೇ ಇಲ್ಲ. ನೆಲದ ಇಳಿಜಾರಿನಲ್ಲಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ತಾನೇ ಇಳಿಯುತ್ತದೆ. ಮೊದಲು ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ ತಡೆಯುತ್ತಾರೆ. ಕಕ್ಕಸಿಗೆ ಏನೇನು ಎಸೆಯುತ್ತೇವೆ ಅಂತ ಅಲ್ಲಿ ನೋಡಬೇಕು. ಆಮೇಲೆ ಮುಚ್ಚಿದ ತೊಟ್ಟಿಗಳಲ್ಲಿ ಗಾಳಿ ಬೇಡದ ಸೂಕ್ಷ್ಮಜೀವಿಗಳು ಅದನ್ನು ಅರಗಿಸುತ್ತವೆ. ಉಳಿದ ಕೆಸರನ್ನು ಮರಳು, ಜಲ್ಲಿ ಹಾಸಿದ ಮಡಿಗಳಲ್ಲಿ ಒಣಗಿಸುತ್ತಾರೆ. ಸೋಸಿ ಇಳಿದ ನೀರು ಗಿಡ ನೆಟ್ಟ ಜಲ್ಲಿಯ ನಡುವೆ ಹಾದು ತಿಳಿಯಾಗುತ್ತದೆ.

ಒಣಗಿದ್ದನ್ನು ಊರಿನ ಹಸಿಕಸದ ಜೊತೆ ಬೆರೆಸಿ ರಾಶಿ ಹಾಕುತ್ತಾರೆ. ರಾಶಿ ಒಳಗೊಳಗೇ ಬಿಸಿಯೇರುತ್ತದೆ. ಜಂತುಹುಳುವಿನ ಮೊಟ್ಟೆ ಸಾಯುವುದು ಆ ಬಿಸಿಗೆ. ಆಮೇಲೆ ಅದು ರೈತರ ಹೊಲಕ್ಕೆ ಗೊಬ್ಬರ. ಹಿಡಿಯಲ್ಲಿ ತಗೊಂಡು ಮೂಸಿದೆ. ಮಳೆ ಬಿದ್ದ ಮಣ್ಣಿನ ವಾಸನೆ. ಸುಮ್ನೆ ಹೇಳುತ್ತಿಲ್ಲ, ಕಣ್ಣು ತುಂಬಿ ಬಂತು.

ರೈತರಿಗೆ ಇದು ಹೊಸದೇನಲ್ಲ. ಬೆಂಗಳೂರು ಸುತ್ತಮುತ್ತ ಎಷ್ಟೋ ಜನ ಈ ಗಾಡಿಗಳನ್ನು ತೋಟಕ್ಕೇ ಕರೆಸಿ, ಗುಂಡಿಗೆ ಸುರಿಸಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು ಬಾಳೆಗೆ ಹಾಕಿದವರೇ. ಆದರೆ ಹಸಿ ಕೆಸರಿನಿಂದ ರೋಗದ ಭಯ ಇತ್ತು. ಗಿರಾಕಿ ಸಿಗದ ಲೋಡು ಚರಂಡಿಗೋ ಕೆರೆಗೋ ಬೀಳುತ್ತಿತ್ತು. ಒಳಚರಂಡಿ ಇಲ್ಲದ ಊರುಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಅಲ್ಲೆಲ್ಲ ಗುಂಡಿ ತುಂಬುತ್ತದೆ, ಗಾಡಿ ಬರುತ್ತದೆ, ಮೂಗು ಮುಚ್ಚಿಕೊಂಡು ಬಾಗಿಲು ಹಾಕುತ್ತೇವೆ. ಆಮೇಲಿನದು ಯಾರ ತಲೆನೋವು? ಮನುಷ್ಯರನ್ನು ಗುಂಡಿಗೆ ಇಳಿಸಬಾರದು ಅಂತ 2013ರಲ್ಲಿ ಕಾನೂನು ಬಂತು. ಗಾಡಿಯೂ ಬಂತು. ಚೊಂಬು ಮಾತ್ರ ಅಷ್ಟೇ ಎತ್ತರದಲ್ಲಿದೆ.

ಹೊರಡುವಾಗ ಅವನೇ ಎದುರಾದ. ಬೇರೆ ಬೀದಿಯ ಲೋಡು ತಂದಿದ್ದ.

"ನೋಡಿದ್ರಾ ಅಕ್ಕಾ?"

"ನೋಡಿದೆ ಕಣಪ್ಪ."

ಆವತ್ತು ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ ಅಂತ ಹೇಳಬೇಕಿತ್ತು. ಅಷ್ಟರಲ್ಲಿ ಅವನು ಪೈಪ್ ಜೋಡಿಸಲು ಬಗ್ಗಿದ್ದ.